ನಗೆಯ ಶೋಗೆ ಟಿಕೆಟ್ ಕೊಳ್ಳೋಣ

ಮಾನ್ಯ ಸಂಪಾದಕರೇ,

ಗಂಗಾವತಿ ಪ್ರಾಣೇಶ್ ಅವರ ಮಾತನ್ನು ನಮ್ಮ ಮನೆಯವರು ಮೊದಲು ಕೇಳಿದ್ದು ಕ್ಯಾಸೆಟ್‌ನಲ್ಲಿ. ಆಗ ಹಾಸ್ಯಗಾರರಿಗೆ ದಾರಿ ಅಂದರೆ ಹಾಸ್ಯೋತ್ಸವ, ಗಣೇಶೋತ್ಸವದ ವೇದಿಕೆ. ಒಂದೇ ಪ್ರಸಂಗವನ್ನು ಹತ್ತು ಊರಲ್ಲಿ ಹೇಳಿದರೂ ಪ್ರತಿ ಊರಿಗೂ ಅದು ಹೊಸದೇ.

ಈಗ ಹಾಗಿಲ್ಲ. 2020ರ ಲಾಕ್‌ಡೌನ್‌ನಲ್ಲಿ ಹಾಸ್ಯನಟ ದಾನಿಶ್ ಸೇಠ್ ಮನೆಯಲ್ಲೇ ಕೂತು, ಎಲ್ಲ ಪಾತ್ರಗಳನ್ನೂ ತಾವೇ ಮಾಡಿದ ಪುಟ್ಟ ವಿಡಿಯೋಗಳು ಮೊಬೈಲ್‌ನಿಂದ ಮೊಬೈಲ್‌ಗೆ ಹರಿದಾಡಿದವು. ವೇದಿಕೆ ಕೊಡುವವರಿಗಾಗಿ ಕಾಯಬೇಕಿಲ್ಲ, ಇದು ನಿಜಕ್ಕೂ ದೊಡ್ಡ ವಿಷಯ ಅಲ್ವಾ?

ಆದರೆ ತಿಂಗಳುಗಟ್ಟಲೆ ತಿದ್ದಿ ಬರೆದ ಜೋಕು ಒಮ್ಮೆ ಯೂಟ್ಯೂಬ್‌ಗೆ ಹೋದರೆ, ಮುಂದಿನ ಶೋನಲ್ಲಿ ಜನ ಅದನ್ನು ಮೊದಲೇ ಕೇಳಿರುತ್ತಾರೆ. ಅದಕ್ಕೇ ಎಷ್ಟೋ ಕಲಾವಿದರು ಬರೆದದ್ದನ್ನು ಶೋಗೆ ಉಳಿಸಿಕೊಂಡು, ಪ್ರೇಕ್ಷಕರ ಜೊತೆ ಅಲ್ಲೇ ಆಡಿದ ಮಾತಿನ ತುಣುಕನ್ನು ಮಾತ್ರ ರೀಲ್ಸ್‌ಗೆ ಹಾಕುತ್ತಾರೆ. ನನಗೆ ಬೇಸರವಾಗುವುದು ಇಲ್ಲಿ. ನಿಧಾನವಾಗಿ ಕಟ್ಟುವ ಕಥೆ ಒಂದು ನಿಮಿಷದ ತುಣುಕಿನಲ್ಲಿ ಹಿಡಿಯುವುದಿಲ್ಲ, ನಮ್ಮ ಹಾಸ್ಯದ ರುಚಿ ಇರುವುದೇ ಆ ಕಥೆಯಲ್ಲಿ.

ಫೋನಿನಲ್ಲಿ ಸುಮ್ನೆ ನೋಡಿ ಮುಂದೆ ಹೋಗುವ ನಾವು, ಕನ್ನಡದ ಶೋ ಊರಿಗೆ ಬಂದಾಗ ಟಿಕೆಟ್ ಕೊಂಡು ಹೋಗಬೇಕು. ಅಲ್ಲಿ ದಯವಿಟ್ಟು ರೆಕಾರ್ಡ್ ಮಾಡಬೇಡಿ.

– ಒಬ್ಬ ಓದುಗ, ದಾವಣಗೆರೆ