ವೈವಾ ಮುಗಿಯಿತು, ಇದು ಅಣ್ಣನಿಗೆ

ನಿನ್ನೆ ನನ್ನ ಪಿಎಚ್‌ಡಿ ವೈವಾ (ಥೀಸಿಸ್‌ನ ಮೌಖಿಕ ಪರೀಕ್ಷೆ) ಮುಗಿಯಿತು. ಐದೂವರೆ ವರ್ಷದ ಕೆಲಸ ಒಂದು ದಡ ಸೇರಿತು. ಬೇಸರವಿಲ್ಲದೆ ತಿದ್ದಿದ ಗೈಡ್ ಮೇಡಂಗೆ, ಲ್ಯಾಬಿನ ಗೆಳೆಯರಿಗೆ, ಉಪ್ಪಿನಕಾಯಿ ಕಳಿಸುತ್ತಲೇ ಇದ್ದ ಆಯಿಗೆ, ‘ಯಾವಾಗ ಮುಗಿಯುತ್ತೆ’ ಅಂತ ಒಮ್ಮೆಯೂ ಕೇಳದ ಅಪ್ಪನಿಗೆ ತುಂಬು ಮನಸ್ಸಿನ ಧನ್ಯವಾದ.

ಉಳಿದದ್ದೆಲ್ಲ ನನ್ನ ರೂಮ್‌ಮೇಟ್ ಅಣ್ಣನ ಬಗ್ಗೆ.

ನನ್ನ ವಿಷಯ ದೊಡ್ಡ ಅಣು ರಿಯಾಕ್ಟರುಗಳ ನಿಯಂತ್ರಣ. ನಮ್ಮ ಕೈಗಾದ ರಿಯಾಕ್ಟರುಗಳು 220 ಮೆಗಾವಾಟಿನವು. ತಾರಾಪುರದ ಮೂರು ಮತ್ತು ನಾಲ್ಕನೇ ಘಟಕಗಳು 540ರವು. ಕೋರ್, ಅಂದರೆ ಇಂಧನವಿರುವ ಒಳಭಾಗ, ದೊಡ್ಡದಾದಷ್ಟೂ ಅದರ ಒಂದು ಮೂಲೆಗೂ ಇನ್ನೊಂದಕ್ಕೂ ನಂಟು ಸಡಿಲ. ಒಂದು ಕಡೆ ಶಕ್ತಿ ಏರಿದರೆ ಅಲ್ಲಿ ನ್ಯೂಟ್ರಾನ್ ನುಂಗುವ ಕ್ಸೆನಾನ್-135 ಅನಿಲ ಬೇಗ ಖರ್ಚಾಗುತ್ತದೆ, ಶಕ್ತಿ ಇನ್ನೂ ಏರುತ್ತದೆ. ಜೊತೆಗೆ ಅಯೋಡಿನ್ ಕೂಡ ಅಲ್ಲಿ ಜಾಸ್ತಿ ಹುಟ್ಟುತ್ತದೆ. ಕೆಲವು ಗಂಟೆ ಕಳೆದ ಮೇಲೆ ಅದೇ ಕ್ಸೆನಾನ್ ಆಗಿ ಶಕ್ತಿಯನ್ನು ಕುಗ್ಗಿಸುತ್ತದೆ. ಒಟ್ಟು ಶಕ್ತಿ ಅಲುಗಾಡದೆ ನಿಂತಿರುವಾಗಲೂ ಒಳಗೆ ಈ ಉಯ್ಯಾಲೆ ನಡೆದಿರಬಹುದು. ಕೋರಿನ 14 ವಲಯಗಳಲ್ಲಿ, ನ್ಯೂಟ್ರಾನ್ ಹೀರುವ ನೀರಿನ ಮಟ್ಟ ಏರಿಸಿ ಇಳಿಸಿ ಅದನ್ನು ತಡೆಯುವ ನಿಯಂತ್ರಕವೇ ನನ್ನ ಕೆಲಸ. ಕ್ಸೆನಾನನ್ನು ನೇರವಾಗಿ ಅಳೆಯೋಕೆ ಆಗಲ್ಲ. ವಲಯದ ಶಕ್ತಿ ನೋಡಿಕೊಂಡೇ ಹಿಡಿಯಬೇಕು.

ಮೂರನೇ ವರ್ಷದ ಒಂದು ರಾತ್ರಿ ನನ್ನ ಲೆಕ್ಕದ ಗ್ರಾಫ್ ಮತ್ತೆ ಕೈಮೀರಿತು. ಒಟ್ಟು ಶಕ್ತಿಯ ಗೆರೆ ನೇರ, ಉಳಿದ 14 ಗೆರೆ ಹುಚ್ಚುಹೊಳೆ. ನಾನು ಬ್ಯಾಗಿಗೆ ಸಾಮಾನು ತುಂಬಿಕೊಂಡೆ. ಬೆಳಗಿನ ರೈಲಿಗೆ ಊರಿಗೆ ಹೋಗುವುದು, ಮತ್ತೆ ಬರುವುದಿಲ್ಲ ಅಂದುಕೊಂಡಿದ್ದೆ. ಅದಕ್ಕಿಂತ ಕೆಟ್ಟ ಯೋಚನೆಗಳೂ ಬಂದಿದ್ದವು. ಮನೆಯವರಿಗೆ ಇದು ಇವತ್ತೇ ಗೊತ್ತಾಗುತ್ತಿದೆ.

ಅಣ್ಣನ ಸ್ವಂತ ಥೀಸಿಸ್ ಸಲ್ಲಿಸಲು ನಾಲ್ಕೇ ದಿನ ಇತ್ತು. ಅವರು ಬ್ಯಾಗ್ ನೋಡಿದರು. ‘ಊಟ ಆಯ್ತನಾ ತಮಾ?’ ಅಂದರು. ಆಗಿರಲಿಲ್ಲ. ಅವಲಕ್ಕಿ ಕಲಸಿ ಕೊಟ್ಟರು. ಆಮೇಲೆ ಬಾಗಿಲ ಹತ್ತಿರ ಕುರ್ಚಿ ಎಳೆದುಕೊಂಡು, ನನ್ನ ಬ್ಯಾಗನ್ನು ಕಾಲ ಕೆಳಗೆ ಇಟ್ಟುಕೊಂಡು ಬೆಳಗಿನವರೆಗೆ ಕೂತರು. ಬುದ್ಧಿ ಹೇಳಲಿಲ್ಲ. ನಾನು ಅತ್ತಾಗ ಸುಮ್ನೆ ಇದ್ದರು. ರೈಲಿನ ಹೊತ್ತು ದಾಟಿದ ಮೇಲೆ ಎದ್ದು ಚಹಾ ತಂದರು.

ನನ್ನ ಲೆಕ್ಕದಲ್ಲಿನ ತಪ್ಪು ಸಿಕ್ಕಿದ್ದು ಮೂರು ವಾರ ಬಿಟ್ಟು. ಅಕ್ಕಪಕ್ಕದ ವಲಯಗಳ ನಡುವಿನ ಕೊಂಡಿಯ ಸಂಖ್ಯೆಯಲ್ಲಿ, ದಶಮಾಂಶದ ನಂತರ ಒಂದು ಸೊನ್ನೆ ಜಾಸ್ತಿ ಇತ್ತು.

ಅಣ್ಣ, ಥೀಸಿಸ್‌ನ ಮೊದಲ ಪ್ರತಿ ನಿಮಗೆ. ಮುಂದಿನ ವಾರ ಕುಮಟಾಕ್ಕೆ ನಾನೇ ತರುತ್ತೇನೆ. ಅದೇ ಬ್ಯಾಗಿನಲ್ಲಿ.