ಶನಿವಾರದ ಊಟದ ಕುರಿತು ಸದಸ್ಯರ ಗಮನಕ್ಕೆ

ಆತ್ಮೀಯ ಸದಸ್ಯರೇ,

ಆಕ್ಸ್‌ಫರ್ಡ್‌ನ ನಮ್ಮ ಶನಿವಾರದ ಊಟಕ್ಕೆ ಹೆಸರಾಂತ ಬಾಣಸಿಗರೊಬ್ಬರ ರೆಸ್ಟೋರೆಂಟನ್ನು ಹಲವರು ಸೂಚಿಸಿರುವುದರಿಂದ, ಖರ್ಚಿನ ವಿಷಯವನ್ನು ಮೊದಲೇ ತಿಳಿಸುತ್ತಿದ್ದೇನೆ. ಮೆನುವಿನ ಬೆಲೆಯಲ್ಲಿ ಶೇ. 20ರ ವ್ಯಾಟ್ ಸೇರಿರುತ್ತದೆ. ಬಿಲ್ಲಿನ ಕೊನೆಯಲ್ಲಿ ಸಾಮಾನ್ಯವಾಗಿ ಕಾಣುವ ಶೇ. 12.5ರ ಸೇವಾಶುಲ್ಕ ಐಚ್ಛಿಕವಾದದ್ದು, ಬೇಡವೆಂದು ಹೇಳಬಹುದು. ಆದರೆ 2024ರ ಅಕ್ಟೋಬರ್‌ನಿಂದ ಆ ಹಣ ಕಾನೂನಿನಂತೆ ಕೆಲಸಗಾರರಿಗೇ ಸೇರಬೇಕಾದ್ದರಿಂದ, ವಿದ್ಯಾರ್ಥಿಗಳೂ ದುಡಿಯುವ ಈ ಊರಿನಲ್ಲಿ ನಾನಂತೂ ಅದನ್ನು ತೆಗೆಸುವುದಿಲ್ಲ. ಮದ್ಯ ಮಾರುವ ಪರವಾನಗಿಯುಳ್ಳ ಕಡೆಗಳಲ್ಲಿ ನಲ್ಲಿ ನೀರನ್ನು ಕೇಳಿದರೆ ಉಚಿತವಾಗಿ ಕೊಡಲೇಬೇಕು. ಬಾಟಲಿ ನೀರಿಗೆ ದುಡ್ಡು ಸುರಿಯುವುದು ಬೇಡ.

ಇಂಥ ರೆಸ್ಟೋರೆಂಟುಗಳ ವಾತಾವರಣದ ಮಾತಿಗೆ ಬಂದರೆ, ಬ್ರಿಟನ್ನಿನ ಪ್ರಸಿದ್ಧ ಬಾಣಸಿಗ ಜೇಮೀ ಆಲಿವರ್ ಅವರು 2008ರಲ್ಲಿ ತಮ್ಮ ಮೊದಲ ‘ಜೇಮೀಸ್ ಇಟಾಲಿಯನ್’ ರೆಸ್ಟೋರೆಂಟನ್ನು ತೆರೆದದ್ದು ಇದೇ ಊರಿನ ಜಾರ್ಜ್ ಸ್ಟ್ರೀಟ್‌ನಲ್ಲಿ. ಟೊಮೇಟೊ ಡಬ್ಬಿಗಳ ಮೇಲೆ ಮರದ ಹಲಗೆಯಿಟ್ಟು ತಿನಿಸು ಬಡಿಸುತ್ತಿದ್ದ ಆ ಸಲಿಗೆಯ ರೀತಿ ಅಲ್ಲಿನ ವಿಶೇಷವಾಗಿತ್ತು. 2019ರಲ್ಲಿ ಬ್ರಿಟನ್ನಿನ ಅದರ ಬಹುತೇಕ ಶಾಖೆಗಳು ಮುಚ್ಚಿದವು. ಇಂಥ ಕಡೆ ಸಂಜೆಯ ಗದ್ದಲದಲ್ಲಿ ಹಿರಿಯರಿಗೆ ಪಕ್ಕದವರ ಮಾತೂ ಕೇಳಿಸುವುದಿಲ್ಲವಾದ್ದರಿಂದ, ಮಧ್ಯಾಹ್ನವೇ ಹೋಗೋಣವೆಂಬುದು ನನ್ನ ಸಲಹೆ. ದಯವಿಟ್ಟು ಗುರುವಾರದೊಳಗೆ ನಿಮ್ಮ ಅಭಿಪ್ರಾಯ ತಿಳಿಸಿ.