ನಿಂಬೆ ಉಪ್ಪಿಗೆ ಯಾಕೆ ಇಷ್ಟು ಹೆದರ್ಸ್ತೀರಿ?

ಸಂಪಾದಕರಿಗೆ ನಮಸ್ಕಾರ,

ಹೋದ ಭಾನುವಾರದ ಪುರವಣಿಲಿ ನಿಂಬೆ ಉಪ್ಪಿನ (ಅಂದ್ರೆ ಸಿಟ್ರಿಕ್ ಆಸಿಡ್) ಬಗ್ಗೆ ಬಂದ ಲೇಖನ ಓದ್ದೆ. ಕಪ್ಪು ಬೂಷ್ಟಿಂದ ಮಾಡ್ತಾರೆ, ಜೀನ್ ತಿದ್ದಿದ ಫಂಗಸ್ಸು, ಮಕ್ಕಳಿಗೆ ಕೊಡ್ಬೇಡಿ ಅಂತ ಬರ್ದು ಕೈ ತೊಳ್ಕೊಂಡ್ರಿ. ನಾವು ಶಿರಸಿ ಹತ್ರ ಮನೇಲೇ ಅನಾನಸ್ ಸ್ಕ್ವಾಷು, ಜಾಮು ಮಾಡಿ ಮಾರೋರು. ಪೇಪರ್ ಬಂದ ಮೂರನೇ ದಿನ ಖಾಯಂ ಗಿರಾಕಿ ಒಬ್ರು, ಲೇಬಲ್ಲಲ್ಲಿ ಐಎನ್ಎಸ್ 330 (ನಿಂಬೆ ಉಪ್ಪಿನ ನಂಬರು) ಅಂತಿದೆ ಅಂತ 12 ಬಾಟ್ಲಿ ವಾಪಸ್ ತಂದಿಟ್ಟು ಹೋದ್ರು, ದುಡ್ಡು ಎಣಿಸಿ ಕೊಟ್ವಿ, ಇನ್ನೇನ್ ಮಾಡೋದು.

ಬೂಷ್ಟು ಅನ್ನೋದು ನಿಜ ಸ್ವಾಮಿ. ಈರುಳ್ಳಿ ಸಿಪ್ಪೆ ತೆಗೆಯುವಾಗ ಮಸಿ ತರ ಕಪ್ಪು ಪುಡಿ ಬೆರಳಿಗೆ ಹತ್ತುತ್ತಲ್ಲ, ಅದೇ ಆಸ್ಪರ್ಜಿಲಸ್ ನೈಜರ್. ಮೊದ್ಲೆಲ್ಲ ಸಿಟ್ರಿಕ್ ಆಸಿಡ್‌ಗೆ ಇಟಲಿ ನಿಂಬೆಹಣ್ಣೇ ಗತಿ ಇತ್ತು. 1917ರಲ್ಲಿ ಜೇಮ್ಸ್ ಕರಿ ಅನ್ನೋ ಅಮೆರಿಕದವರು, ಹುಳಿ ಮಾಡಿದ ಸಕ್ಕರೆ ನೀರಲ್ಲಿ ಈ ಬೂಷ್ಟು ಬೆಳೆಸಿದ್ರೆ ಆಸಿಡ್ ದಂಡಿಯಾಗಿ ಬರುತ್ತೆ ಅಂತ ತೋರಿಸಿದ್ರು, 1919ಕ್ಕೆ ಫೈಜರ್ ಕಂಪನಿ ಬ್ರೂಕ್ಲಿನ್ನಲ್ಲಿ ಫ್ಯಾಕ್ಟ್ರಿಲೇ ಶುರು ಮಾಡ್ತು. ನಂಗೆ ಇದರಲ್ಲಿ ಮಜಾ ಅನ್ಸಿದ್ದು ಏನಂದ್ರೆ, ಬೂಷ್ಟಿಗೆ ಸಕ್ಕರೆ ಧಾರಾಳ, ಗಾಳಿ ಧಾರಾಳ ಕೊಡ್ಬೇಕು, ಮ್ಯಾಂಗನೀಸ್ ಮಾತ್ರ ಕೊಡಬಾರದು, ಲೀಟರಿಗೆ ಮೈಕ್ರೋಗ್ರಾಂ ಲೆಕ್ಕದಲ್ಲಿ ಸೇರ್ಕೊಂಡ್ರೂ ಇಳುವರಿ ಬಿದ್ದೋಗುತ್ತೆ, ಅಂದ್ರೆ ಹೊಟ್ಟೆ ತುಂಬಿಸಿ ಬೆಳೆಯೋಕೆ ಮಾತ್ರ ಬಿಡಲ್ಲ ಅನ್ನೋ ಲೆಕ್ಕ. ಆಮೇಲೆ ಬೂಷ್ಟನ್ನ ಸೋಸಿ ತೆಗೀತಾರೆ, ಉಳಿದ ನೀರಿಗೆ ಸುಣ್ಣ ಹಾಕಿ, ಸಲ್ಫ್ಯೂರಿಕ್ ಆಸಿಡ್ ಹಾಕಿ ಬಿಡಿಸಿ, ಹರಳು ಕಟ್ಟಿಸ್ತಾರೆ. ನಮ್ಮ ಕೈಗೆ ಬರೋದು ಆ ಹರಳು.

ಜೀನ್ ತಿದ್ದಿದ್ದು ಅಂತ ಬೊಬ್ಬೆ ಹಾಕಿದ್ರಿ. ಸಿಟ್ರಿಕ್ ತಳಿಗಳು ಬಹಳಷ್ಟು ಹಳೇ ದಾರಿಲೇ ಬಂದಿದ್ದು, ಯುವಿ ಬೆಳಕು ಹೊಡೆದು ಸಾವಿರಾರಲ್ಲಿ ಒಳ್ಳೇದು ಆರಿಸ್ಕೊಳ್ಳೋದು, ನಾವು ಬಿತ್ತನೆಗೆ ಒಳ್ಳೆ ತೆನೆ ಎತ್ತಿಟ್ಟ ಹಾಗೆ. ನಿಜವಾಗಿ ಜೀನ್ ತಿದ್ದಿದ ಕೆಲಸ ನೋಡ್ಬೇಕಂದ್ರೆ ಲ್ಯಾಕ್ಟಿಕ್ ಆಸಿಡ್ (ಮೊಸರಲ್ಲಿರೋ ಹುಳಿ) ನೋಡಿ. ಬ್ಯಾಕ್ಟೀರಿಯಾದಿಂದ ಮಾಡಿದ್ರೆ ಹುಳಿ ಏರಿದ ಹಾಗೆ ಅವು ಸುಸ್ತಾಗ್ತವೆ, ಅದಕ್ಕೆ ಸುಣ್ಣ ಹಾಕ್ತಾ ಇರ್ಬೇಕು, ಕೊನೆಗೆ ಒಂದು ಟನ್ ಆಸಿಡ್‌ಗೆ ಹೆಚ್ಚುಕಡಿಮೆ ಒಂದು ಟನ್ ಜಿಪ್ಸಂ ಗುಡ್ಡೆ ಬೀಳುತ್ತೆ. ಯೀಸ್ಟು (ಅದೂ ಫಂಗಸ್ಸೇ, ನಿಮ್ಮ ಬ್ರೆಡ್ಡಲ್ಲಿರೋದು) ಹುಳಿ ತಡ್ಕೊಳ್ಳುತ್ತೆ, ಆದ್ರೆ ಹೆಂಡ ಮಾಡೋದೇ ಅದರ ಬುದ್ಧಿ. ಹಾಗಾಗಿ ಆಲ್ಕೋಹಾಲ್ ದಾರಿಯ ಜೀನ್ ಮುಚ್ಚಿ, ಲ್ಯಾಕ್ಟಿಕ್ ದಾರಿಯ ಜೀನ್ ಒಂದು ಸೇರಿಸಿದ್ರು. ಅಮೆರಿಕದ ಕಾರ್ಗಿಲ್ ಕಂಪನಿ ಇಂಥ ಯೀಸ್ಟ್ ಬಳಸಿದೆ, ಸುಣ್ಣ ಕಡಿಮೆ, ಜಿಪ್ಸಂ ಕಡಿಮೆ. ಆ ಗುಡ್ಡೆ ಬಗ್ಗೆ ನಿಮ್ಮ ಲೇಖನದಲ್ಲಿ ಒಂದು ಸಾಲೂ ಇಲ್ಲ. ಪರಿಸರದ ಕಾಳಜಿ ಇದ್ದೋರು ಮೊದ್ಲು ಕೇಳ್ಬೇಕಾದ್ದೇ ಅದು.

ಇನ್ನು 330 ಅಂದ್ರೆ ಕ್ಯಾನ್ಸರ್ ಅನ್ನೋ ಮಾತು. 1970ರ ದಶಕದಲ್ಲಿ ಫ್ರಾನ್ಸಲ್ಲಿ ವಿಲ್‌ಜುಯಿಫ್ ಊರಿನ ಕ್ಯಾನ್ಸರ್ ಆಸ್ಪತ್ರೆ ಹೆಸರಲ್ಲಿ ಒಂದು ಸುಳ್ಳು ಕರಪತ್ರ ಓಡಾಡ್ತು, ಆಸ್ಪತ್ರೆಯವರೇ ನಮ್ದಲ್ಲ ಅಂದ್ರೂ ಜನ ಜೆರಾಕ್ಸ್ ಮಾಡೋದು ಬಿಡ್ಲಿಲ್ಲ. ಜೀವಕೋಶದೊಳಗೆ ಸಿಟ್ರಿಕ್ ಆಸಿಡ್ ಮೂಲಕ ಶಕ್ತಿ ಹುಟ್ಟಿಸೋ ಕ್ರಿಯೆಗೆ ಕ್ರೆಬ್ಸ್ ಚಕ್ರ ಅಂತಾರೆ, ಕ್ರೆಬ್ಸ್ ಅನ್ನೋದು ವಿಜ್ಞಾನಿ ಹೆಸರು, ಜರ್ಮನಲ್ಲಿ ಅದೇ ಪದಕ್ಕೆ ಏಡಿ ಅಂತ ಅರ್ಥ, ಕ್ಯಾನ್ಸರ್ ಅಂತಾನೂ ಅರ್ಥ, ಆ ಗೊಂದಲದಿಂದಲೇ ಹುಟ್ಟಿದ್ದಿರಬೇಕು ಅಂತಾರೆ. ಈಗ ಅದೇ ಕತೆ ವಾಟ್ಸಾಪಲ್ಲಿ ಕನ್ನಡದಲ್ಲಿ ಸುತ್ತುತ್ತಿದೆ, ನಿಮ್ಮ ಪುರವಣಿ ಅದಕ್ಕೊಂದು ಸೀಲ್ ಒತ್ತಿದ ಹಾಗಾಯ್ತು.

ತಿದ್ದುಪಡಿ ಹಾಕ್ತೀರೋ ಇಲ್ವೋ ಗೊತ್ತಿಲ್ಲ, ಹಾಕಿದ್ರೆ ಅದೇ ಪುಟದಲ್ಲಿ ಅಷ್ಟೇ ದಪ್ಪ ಅಕ್ಷರದಲ್ಲಿ ಹಾಕಿ. ಆ 12 ಬಾಟ್ಲಿ ಇನ್ನೂ ನಮ್ಮ ಅಡಿಗೆಮನೆ ಮೂಲೇಲಿದೆ, ಸೆಕೆ ಶುರುವಾಗಿದೆ, ನಾವೇ ಕುಡಿದು ಖಾಲಿ ಮಾಡ್ತಾ ಇದೀವಿ.

ಇಂತಿ,
ಒಬ್ಬ ಓದುಗಳು, ಶಿರಸಿ